ಮಲ್ಲಿಗೆ, ದಾಸವಾಳ: ಹೂವಾಗದಿದ್ದರೆ ದೋಷ ಹುಡುಕುವುದು ಹೇಗೆ

ಮನೆ ಮುಂದೆ ಎರಡೇ ಗಿಡಕ್ಕೆ ಜಾಗ ಇದ್ದರೂ ನಮ್ಮಲ್ಲಿ ಒಂದು ಮಲ್ಲಿಗೆ, ಇನ್ನೊಂದು ದಾಸವಾಳ. ಒಂದು ಮುಡಿಗೆ, ಒಂದು ದೇವರಿಗೆ. ಎರಡನ್ನೂ ಒಂದೇ ದಿನ ನರ್ಸರಿಯಿಂದ ತರುತ್ತೇವೆ, ಒಂದೇ ಅಳತೆಯ ಕುಂಡದಲ್ಲಿ ನೆಡುತ್ತೇವೆ, ಒಂದೇ ಚೊಂಬಿನಲ್ಲಿ ನೀರು ಹಾಕುತ್ತೇವೆ. ಕೆಲವು ತಿಂಗಳಾದ ಮೇಲೆ ದೂರೂ ಒಂದೇ: "ಅಕ್ಕಾ, ಗಿಡ ಚೆನ್ನಾಗೇ ಇದೆ, ಹೂವೇ ಇಲ್ಲ." ಯಾವ ಗಿಡದ್ದು ಅಂತ ಕೇಳಿದರೆ, ಯಾವುದಾದರೇನು, ಒಂದು ಔಷಧಿ ಹೇಳಿ ಸಾಕು ಅನ್ನುವವರೇ ಹೆಚ್ಚು.

ಯಾವ ಗಿಡ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಒಂದೇ ಲಕ್ಷಣಕ್ಕೆ ಮಲ್ಲಿಗೆಯಲ್ಲಿ ಒಂದು ಕಾರಣ, ದಾಸವಾಳದಲ್ಲಿ ಇನ್ನೊಂದು. ಒಂದಕ್ಕೆ ಮದ್ದಾದದ್ದು ಮತ್ತೊಂದಕ್ಕೆ ಪೆಟ್ಟಾಗುವುದೂ ಉಂಟು. ಆದ್ದರಿಂದ ಕೆಳಗೆ ಲಕ್ಷಣ ಹಿಡಿದು ಹೊರಟು, ಎರಡೂ ಗಿಡವನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಔಷಧಿ ಅಂಗಡಿಗೆ ಹೋಗುವುದು ಕೊನೆಗೆ.

ಹೂ ಹುಟ್ಟುವ ಜಾಗ

ದಾಸವಾಳದ ಒಂದು ಕೊಂಬೆ ಹಿಡಿದು ತುದಿಯಿಂದ ಕೆಳಕ್ಕೆ ನೋಡುತ್ತಾ ಬನ್ನಿ. ತುದಿಯ ಎಳೆ ಎಲೆಯ ಕಂಕುಳಲ್ಲಿ ಸಾಸಿವೆಯಷ್ಟು ಮೊಗ್ಗು, ಅದರ ಕೆಳಗಿನ ಎಲೆಯಲ್ಲಿ ಬಟಾಣಿಯಷ್ಟು, ಅದಕ್ಕೂ ಕೆಳಗೆ ನಾಳೆ ಅರಳುವ ಮೊಗ್ಗು. ಕುಡಿ ಮುಂದೆ ಬೆಳೆದಂತೆಲ್ಲ ಒಂದೊಂದು ಎಲೆಯ ಬುಡದಲ್ಲೂ ಮೊಗ್ಗು ಏಳುತ್ತದೆ. ಹೂವಿನ ಆಯಸ್ಸು ಬಹುಪಾಲು ಒಂದೇ ದಿನ. ಆದರೆ ಕುಡಿ ಬೆಳೆಯುತ್ತಿರುವವರೆಗೆ ಸಾಲು ತಪ್ಪುವುದಿಲ್ಲ.

ಮಲ್ಲಿಗೆಯ ಚಿಗುರು ಕೆಲವು ಜೋಡಿ ಎಲೆ ಬಿಟ್ಟು, ತುದಿಯಲ್ಲಿ ಮೂರೋ ಐದೋ ಮೊಗ್ಗಿನ ಗೊಂಚಲಾಗಿ ಅಲ್ಲಿಗೇ ನಿಲ್ಲುತ್ತದೆ. ಆ ಚಿಗುರಿನ ಕೆಲಸ ಮುಗಿಯಿತು. ಮತ್ತೆ ಹೂ ಬೇಕೆಂದರೆ ಪಕ್ಕದಿಂದ ಹೊಸ ಚಿಗುರು ಹೊರಡಬೇಕು, ಹೊರಡಬೇಕೆಂದರೆ ಯಾರಾದರೂ ಕತ್ತರಿ ಆಡಿಸಬೇಕು. ಮುಂದೆ ಹೇಳುವ ಅರ್ಧ ವಿಷಯ ಈ ಒಂದು ವ್ಯತ್ಯಾಸದಿಂದಲೇ ಬರುತ್ತದೆ.

ಇಲ್ಲಿ ಮಲ್ಲಿಗೆ ಅಂದರೆ ದುಂಡುಮಲ್ಲಿಗೆ. ಭೌಗೋಳಿಕ ಸೂಚಕ (ಜಿಐ) ಪಡೆದು ಅಟ್ಟೆ (ಕಟ್ಟಿದ ಹೂವಿನ ಒಂದು ಅಳತೆ) ಲೆಕ್ಕದಲ್ಲಿ ಮಾರಾಟವಾಗುವ ಉಡುಪಿಯ ಶಂಕರಪುರ ಮಲ್ಲಿಗೆಯೂ ಇದೇ ಜಾತಿ. ಜಾಜಿ ಮತ್ತು ಸೂಜಿಮಲ್ಲಿಗೆ ಬೇರೆ ಜಾತಿಗಳು, ಅವುಗಳ ಕಾಲವೂ ಬೇರೆ.

ಸೊಂಪಾಗಿ ಬೆಳೆದಿದೆ, ಮೊಗ್ಗೇ ಇಲ್ಲ

ಮೊದಲು ಬಿಸಿಲು ಅಳೆಯಿರಿ. "ಬೆಳಕು ಚೆನ್ನಾಗಿದೆ" ಅಂದರೆ ಸಾಲದು. ಎಲೆಯ ಮೇಲೆ ನೇರ ಬಿಸಿಲು ಬೀಳಲು ಶುರುವಾದದ್ದು ಎಷ್ಟು ಗಂಟೆಗೆ, ಹೋದದ್ದು ಎಷ್ಟಕ್ಕೆ ಎಂದು ಒಂದು ರಜಾದಿನ ಬರೆದಿಡಿ. ಮಲ್ಲಿಗೆಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನಾಲ್ಕು ಗಂಟೆಯಷ್ಟೇ ಸಿಗುವ ಪೂರ್ವದ ಬಾಲ್ಕನಿಯಲ್ಲಿ ದಾಸವಾಳ ಹೇಗೋ ಹೂ ಬಿಡುತ್ತದೆ, ಮಲ್ಲಿಗೆ ಬರೀ ಬಳ್ಳಿಯಂತೆ ಉದ್ದುದ್ದ ಎಳೆಯುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಜಾಸ್ತಿಯಾಗಿ ಎಲೆ ಅಗಲವಾಗಿ ತೆಳುವಾಗಿದ್ದರೆ ಬೇರೇನೂ ಹುಡುಕಬೇಡಿ, ಕಾರಣ ನೆರಳು. ತಾರಸಿಗೆ ಸಾಗಿಸಿ. ಅಪಾರ್ಟ್‌ಮೆಂಟಿನಲ್ಲಿ ತಾರಸಿ ಬೀಗ ಹಾಕಿದ್ದರೆ ಮಲ್ಲಿಗೆಯ ಆಸೆ ಬಿಟ್ಟು ದಾಸವಾಳವನ್ನೇ ಚೆನ್ನಾಗಿ ನೋಡಿಕೊಳ್ಳುವುದು ಮೇಲು.

ಬಿಸಿಲು ಸಾಕಷ್ಟಿದ್ದರೆ ಕತ್ತರಿಯ ವಿಚಾರ. ಮಲ್ಲಿಗೆಯನ್ನು ಸವರಿ ಎಷ್ಟು ದಿನವಾಯಿತು? "ಅಯ್ಯೋ, ಕತ್ತರಿಸೋಕೆ ಮನಸ್ಸು ಬರಲ್ಲ" ಎಂಬ ಉತ್ತರ ಬಂದರೆ ದೋಷ ಸಿಕ್ಕಿತು. ದುಂಡುಮಲ್ಲಿಗೆ ತೋಟಗಳಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ನೀರು ತಗ್ಗಿಸಿ, ಗಿಡವನ್ನು ನೆಲದಿಂದ ಸುಮಾರು 45-50 ಸೆಂ.ಮೀ. ಎತ್ತರಕ್ಕೆ ಕತ್ತರಿಸುತ್ತಾರೆ. ಆಮೇಲೆ ಗೊಬ್ಬರ, ನೀರು. ಆಗ ಒಮ್ಮೆಲೇ ಏಳುವ ಹೊಸ ಚಿಗುರುಗಳೇ ಮಾರ್ಚ್‌ನಿಂದ ಜುಲೈವರೆಗಿನ ಸುಗ್ಗಿ. ಕುಂಡದ ಗಿಡಕ್ಕೂ ಇದೇ ಕ್ರಮ: ಒಣಗಿದ್ದು, ಒಳಮುಖವಾಗಿ ಬೆಳೆದದ್ದು, ಪೆನ್ಸಿಲ್ಲಿಗಿಂತ ತೀರ ತೆಳುವಾದದ್ದು ತೆಗೆದು ಉಳಿದದ್ದನ್ನು ಅರ್ಧಕ್ಕೆ ಇಳಿಸಿ. ಸುಗ್ಗಿಯ ನಡುವೆ ಒಂದೊಂದು ಕೊಯ್ಲು ಮುಗಿದಾಗ ಗೊಂಚಲು ಇದ್ದ ತುದಿಯನ್ನು ಒಂದು ಜೋಡಿ ಎಲೆಯ ಸಮೇತ ಚಿವುಟಿ.

ಈ ಉತ್ಸಾಹದಲ್ಲಿ ಪಕ್ಕದ ದಾಸವಾಳವನ್ನೂ ಅರ್ಧಕ್ಕೆ ಕತ್ತರಿಸಿದರೆ ಮೊಗ್ಗು ಕಟ್ಟುತ್ತಿದ್ದ ಕುಡಿಗಳೆಲ್ಲ ಕಸದ ಬುಟ್ಟಿಗೆ ಹೋಗುತ್ತವೆ. ಹೊಸ ಕುಡಿ ಬಂದು, ಬಲಿತು, ಮತ್ತೆ ಮೊಗ್ಗು ತೋರಲು ಎರಡು ಮೂರು ತಿಂಗಳು ಬೇಕು. ದಾಸವಾಳವನ್ನು ಸವರಲೇಬೇಕಾದರೆ ಸರದಿಯಲ್ಲಿ ಸವರಿ: ಈಗ ಮೂರನೇ ಒಂದು ಭಾಗದ ಕೊಂಬೆ, ತಿಂಗಳು ಬಿಟ್ಟು ಇನ್ನೊಂದು ಭಾಗ. ಹೂವೂ ನಿಲ್ಲದು, ಗಿಡವೂ ಬುಡದಿಂದ ತುಂಬಿಕೊಳ್ಳುತ್ತದೆ.

ಮೂರನೆಯದು ಗೊಬ್ಬರ. ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಯೂರಿಯಾ, ಸಗಣಿ ನೀರು, ಇವೆಲ್ಲ ಸಾರಜನಕ. ವಾರವಾರ ಹೊಯ್ದರೆ ಎರಡೂ ಗಿಡ ಎಲೆಗೆ ತಿರುಗುತ್ತವೆ. ಅಲ್ಲಿಯವರೆಗೆ ಎರಡಕ್ಕೂ ಒಂದೇ ನ್ಯಾಯ. ರಂಜಕದ ವಿಚಾರಕ್ಕೆ ಬಂದಾಗ ದಾರಿ ಬೇರೆಯಾಗುತ್ತದೆ. ದುಂಡುಮಲ್ಲಿಗೆಗೆ ತೋಟಗಾರಿಕೆಯ ಶಿಫಾರಸು ಗಿಡವೊಂದಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್. ಸವರಿದ ಮೇಲೆ ಅರ್ಧ, ಜೂನ್-ಜುಲೈನಲ್ಲಿ ಅರ್ಧ. ಇದು ನೆಲದಲ್ಲಿ ಬೇರು ಹರಡಿದ ಗಿಡದ ಲೆಕ್ಕ, ಕುಂಡಕ್ಕೆ ಇದರ ಚಿಕ್ಕ ಪಾಲು ಸಾಕು. ಆದರೂ ಪ್ರಮಾಣ ನೋಡಿ, ರಂಜಕ ಸಾರಜನಕದ ಎರಡರಷ್ಟು. ದಾಸವಾಳಕ್ಕೆ ಅಷ್ಟು ರಂಜಕ ಬೇಡ. ಹೆಚ್ಚಾದರೆ ಗಿಡ ಕಬ್ಬಿಣಾಂಶ ಹೀರುವುದಕ್ಕೇ ತೊಡಕಾಗಿ ಕುಡಿ ಬಿಳಿಚಿಕೊಳ್ಳುತ್ತದೆ. ಹೂವಿಗೆ ಒಳ್ಳೆಯದೆಂದು ಎಲ್ಲ ಕುಂಡಕ್ಕೂ ಡಿಎಪಿ ಕಾಳು, ಮೂಳೆಪುಡಿ ಹಾಕುವ ಅಭ್ಯಾಸ ಇದೆಯಲ್ಲ, ಅದು ಮಲ್ಲಿಗೆಯ ಕುಂಡಕ್ಕಷ್ಟೇ ಇರಲಿ. ದಾಸವಾಳಕ್ಕೆ ಪೊಟ್ಯಾಷ್ ಮುಖ್ಯ, ಜೊತೆಗೆ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ. ಒಲೆ ಬೂದಿಯಲ್ಲಿ ಪೊಟ್ಯಾಷ್ ಇದೆ ನಿಜ, ಆದರೆ ಅದು ಕ್ಷಾರ. ಬೋರ್‌ವೆಲ್ ನೀರು ಹಾಕುವವರು ಬೂದಿಯಿಂದ ದೂರ ಇರಿ.

ಇನ್ನು ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ದುಂಡುಮಲ್ಲಿಗೆ ಹೂ ಬಿಡದಿರುವುದು ದೋಷವೇ ಅಲ್ಲ. ಅದು ಗಿಡ ವಿಶ್ರಮಿಸುವ ಕಾಲ.

ಮೊಗ್ಗು ಬರುತ್ತದೆ, ಅರಳುವ ಮುಂಚೆ ಹೋಗುತ್ತದೆ

ಅತಿ ಹೆಚ್ಚು ತಪ್ಪು ಮದ್ದು ಬೀಳುವುದು ಇಲ್ಲಿ. ಮೊಗ್ಗು ಉದುರಿತು ಅಂದ ಕೂಡಲೇ ಬೇವಿನೆಣ್ಣೆ ಸಿಂಪಡಿಸುವವರಿದ್ದಾರೆ. ಉದುರಿದ ಮೊಗ್ಗನ್ನು ಬಿಡಿಸಿ ನೋಡುವವರು ಕಡಿಮೆ. ಒಂದು ಬಿಳಿ ಕಾಗದ, ಒಂದು ಬ್ಲೇಡು, ಒಳ್ಳೆಯ ಬೆಳಕು ಸಾಕು. ಆ ಬೆಳಿಗ್ಗೆ ಉದುರಿದ ಮೊಗ್ಗು ಐದಾರು ಆರಿಸಿ. ಕುಂಡದ ಮೇಲೆ ನಾಲ್ಕು ದಿನದಿಂದ ಬಿದ್ದಿರುವುದು ಬೇಡ, ಅದರಲ್ಲಿದ್ದ ಹುಳು ಹೊರಟುಹೋಗಿರುತ್ತದೆ. ಉದ್ದಕ್ಕೆ ಸೀಳಿ ಎರಡು ಹೋಳನ್ನೂ ಕಾಗದದ ಮೇಲೆ ಬಿಡಿಸಿಟ್ಟು ಒಂದೆರಡು ನಿಮಿಷ ಸುಮ್ಮನೆ ನೋಡಿ.

ಅಕ್ಕಿನುಚ್ಚಿಗಿಂತ ಸಣ್ಣ, ಬಿಳಿ ಇಲ್ಲವೇ ನಸುಹಳದಿ ಬಣ್ಣದ, ಕಾಲಿಲ್ಲದ ಹುಳುಗಳು ಹೊರಳಾಡಿದರೆ, ಅದರಲ್ಲೂ ಮೈ ಬಗ್ಗಿಸಿ ಚಟ್ಟನೆ ಹಾರಿದರೆ, ಅದು ಮೊಗ್ಗಿನ ನೊಣದ ಮರಿ. ತಾಯಿ ನೊಣ ಸೊಳ್ಳೆಗಿಂತ ಚಿಕ್ಕದು, ಕಣ್ಣಿಗೆ ಬೀಳುವುದೇ ಅಪರೂಪ. ಎಳೆಯ ಮೊಗ್ಗಿನ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಮಲ್ಲಿಗೆಯಲ್ಲಿ ಮೊಗ್ಗಿನ ಬುಡ ಊದಿಕೊಂಡು, ಬಣ್ಣ ನೇರಳೆಗೆಂಪಿಗೆ ತಿರುಗಿ, ಅರಳದೆ ಒಣಗುತ್ತದೆ. ದಾಸವಾಳದಲ್ಲಿ ಮೊಗ್ಗು ಹಳದಿಯಾಗಿ ತೊಟ್ಟಿನ ಸಮೇತ ಕಳಚುತ್ತದೆ. ಎರಡಕ್ಕೂ ಬರುವುದು ಇದೇ ಒಂದು ಜಾತಿಯ ನೊಣ. ಪಕ್ಕಪಕ್ಕ ಇಟ್ಟ ಕುಂಡಗಳಲ್ಲಿ ಮಲ್ಲಿಗೆಗೆ ಮಾತ್ರ ಔಷಧಿ ಹೊಡೆದು ದಾಸವಾಳವನ್ನು ಬಿಟ್ಟರೆ ಅದು ಅಲ್ಲಿಂದ ಇಲ್ಲಿಗೆ ಓಡಾಡಿಕೊಂಡಿರುತ್ತದೆ.

(ಜಾಜಿಯ ಮೊಗ್ಗಿನ ಹೊರಮೈ ಹುಟ್ಟಿನಿಂದಲೇ ಗುಲಾಬಿ. ಅದನ್ನು ನೋಡಿ ಗಾಬರಿಯಾಗಬೇಡಿ.)

ಈ ನೊಣದ ಮೇಲೆ ಸಿಂಪಡಣೆಗಿಂತ ಕಸ ಗುಡಿಸುವುದೇ ಹೆಚ್ಚು ಕೆಲಸ ಮಾಡುತ್ತದೆ. ಮರಿ ಬಲಿತ ಮೇಲೆ ಮೊಗ್ಗಿನಿಂದ ಮಣ್ಣಿಗಿಳಿದು ಅಲ್ಲೇ ಗೂಡು ಕಟ್ಟುತ್ತದೆ, ಮೊಟ್ಟೆಯಿಂದ ಹೊಸ ನೊಣ ಏಳುವ ತನಕ ಮೂರು ನಾಲ್ಕು ವಾರ. ಹಾಗಾಗಿ ಒಂದು ತಿಂಗಳು ಬಿಡದೆ, ದಿನಾ ಬೆಳಿಗ್ಗೆ ಉದುರಿದ ಮೊಗ್ಗನ್ನೂ ಗಿಡದಲ್ಲೇ ಬಣ್ಣ ಕೆಟ್ಟ ಮೊಗ್ಗನ್ನೂ ಆರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಗಿಯಾಗಿ ಕಟ್ಟಿ, ಬಿಸಿಲಿನಲ್ಲಿಡಿ. ಕಾಂಪೋಸ್ಟ್ ಗುಂಡಿಗೆ ಬೇಡ. ಹಾವಳಿ ವಿಪರೀತವಾಗಿದ್ದರೆ ಮನಸ್ಸು ಗಟ್ಟಿ ಮಾಡಿ ಎರಡೂ ಗಿಡದ ಎಲ್ಲ ಮೊಗ್ಗನ್ನೂ ಚಿವುಟಿ. ಕುಂಡದ ಮೇಲ್ಮಣ್ಣು ಒಂದೆರಡು ಅಂಗುಲ ಕೆದಕಿ ಬೇವಿನ ಹಿಂಡಿ ಬೆರೆಸಿ.

ಮಲ್ಲಿಗೆ ಮೊಗ್ಗಿನ ಮೇಲೆ ದುಂಡನೆಯ ರಂಧ್ರ, ಅದರ ಬಾಯಲ್ಲಿ ಪುಡಿಪುಡಿ ಹಿಕ್ಕೆ, ಪಕ್ಕದ ಮೊಗ್ಗುಗಳು ನೂಲಿನಿಂದ ಹೆಣೆದಂತೆ ಅಂಟಿಕೊಂಡಿದ್ದರೆ ಅದು ಮೊಗ್ಗು ಕೊರೆಯುವ ಹುಳು. ಒಳಗೆ ಕಪ್ಪು ತಲೆಯ ಹಸಿರು ಕಂಬಳಿಹುಳು ಸಿಗುತ್ತದೆ. ಒಂದೇ ಹುಳು ಗೊಂಚಲಿನ ಹಲವು ಮೊಗ್ಗು ತಿಂದು ಮುಗಿಸುತ್ತದೆ. ಒಂದೆರಡು ಕುಂಡವಾದರೆ ಗೊಂಚಲನ್ನೇ ಕಿತ್ತು ಹೊಸಕಿ ಹಾಕಿ. ಗಿಡ ಜಾಸ್ತಿ ಇದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಒಂದಿಷ್ಟು ಸೋಪಿನ ದ್ರಾವಣ, ಸಂಜೆ ಹೊತ್ತು. ಮುಡಿಯುವ ಹೂ, ಮೂಗಿನ ಹತ್ತಿರ ಇರುವುದು. ಅದಕ್ಕೆ ಬೇರೆ ಕೀಟನಾಶಕ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ.

ಸೀಳಿದ ಮೊಗ್ಗಿನಲ್ಲಿ ಏನೂ ಇಲ್ಲ, ಸ್ವಚ್ಛವಾಗಿದೆ, ಹಸಿರಾಗಿಯೇ ಉದುರಿದೆ ಅಂದರೆ? ದಾಸವಾಳವಾದರೆ ನೀರಿನ ಏರುಪೇರು. ಎರಡು ದಿನ ಊರಿಗೆ ಹೋಗಿ ಬಂದು ಒಮ್ಮೆಲೇ ಕುಂಡ ತುಂಬ ನೀರು ಹೊಯ್ದರೆ ಮೂರನೇ ದಿನ ಮೊಗ್ಗು ಸುರಿಯುತ್ತದೆ. ಕುಂಡದ ಜಾಗ ಬದಲಿಸಿದರೂ, ಏಪ್ರಿಲ್‌ನ ತಾರಸಿ ಕಾದರೂ ಹಾಗೆಯೇ. ಸುತ್ತು ದಾಸವಾಳ, ಅಂದರೆ ಮುದ್ದೆಮುದ್ದೆ ಎಸಳಿನದು, ಒಂಟಿ ಎಸಳಿನ ನಾಟಿ ದಾಸವಾಳಕ್ಕಿಂತ ಹೆಚ್ಚು ಮೊಗ್ಗು ಉದುರಿಸುತ್ತದೆ. ಮೊದಲ ಸಲ ಗಿಡ ಸಾಕುವವರು ನಾಟಿ ಕೆಂಪನ್ನೇ ತನ್ನಿ. ಮಲ್ಲಿಗೆ ಈ ವಿಷಯದಲ್ಲಿ ಗಟ್ಟಿ, ಒಂದು ದಿನದ ಬಾಯಾರಿಕೆಗೆ ಮೊಗ್ಗು ಬಿಸಾಡುವುದಿಲ್ಲ.

ಎಲೆ ಹಳದಿ

ಯಾವ ಎಲೆ ಹಳದಿ, ಹಳೆಯದೋ ಹೊಸದೋ? ಇಷ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ದಾಸವಾಳದ ಬುಡದ ಕಡೆಯ ಹಳೇ ಎಲೆ ಒಂದೋ ಎರಡೋ ಪೂರ್ತಿ ಹಳದಿಯಾಗಿ ಬೀಳುವುದು ಮಾಮೂಲು. ಚಳಿ ಶುರುವಾದಾಗ ಸ್ವಲ್ಪ ಹೆಚ್ಚು ಬೀಳುತ್ತದೆ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದು ಬಲೆಯಂತೆ ಕಂಡರೆ ಎರಡೂ ಗಿಡದಲ್ಲಿ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಮಣ್ಣು ಕ್ಷಾರವಾದ್ದರಿಂದ ಬೇರಿಗೆ ಸಿಗುವುದಿಲ್ಲ. ಕ್ಷಾರ ಬರುವುದು ನೀರಿನಿಂದ. ನಿಮ್ಮ ಮನೆಯ ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಅದೇ ನೀರು ಗಿಡಕ್ಕೂ ಹೋಗುತ್ತಿದೆ. ಮೊಟ್ಟೆ ಚಿಪ್ಪು, ಸುಣ್ಣ, ಬೂದಿ ಹಾಕುತ್ತಿದ್ದರೆ ಈಗಲೇ ನಿಲ್ಲಿಸಿ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಗ್ರಂದಿಗೆ ಅಂಗಡಿಯವರು ಅನ್ನಭೇದಿ ಅನ್ನುವುದು ಇದನ್ನೇ, ಅದಕ್ಕೆ ಸ್ವಲ್ಪ ನಿಂಬೆರಸ ಹಿಂಡಿ ಎಲೆಗೆ ಸಿಂಪಡಿಸಿ. ಹೊಸ ಎಲೆ ಹಸಿರಾಗಿ ಬರುವವರೆಗೆ ತಿಂಗಳಿಗೊಮ್ಮೆ. ಬಾಲ್ಕನಿಯ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಮೊದಲು ಹಳೇ ಪೇಪರ್ ಹಾಸಿ.

ಇದರ ಜೊತೆಗೊಂದು ಹೊಸ ಕಾಟ: ಆರ್‌ಒ ಫಿಲ್ಟರಿನಿಂದ ಹೊರಬೀಳುವ ನೀರು. ವ್ಯರ್ಥ ಮಾಡಬಾರದೆಂದು ಗಿಡಕ್ಕೆ ಹಾಕುತ್ತಾರೆ, ಉದ್ದೇಶ ಒಳ್ಳೆಯದೇ. ಆದರೆ ಫಿಲ್ಟರ್ ನಿಮ್ಮ ಲೋಟದಿಂದ ತೆಗೆದ ಲವಣವೆಲ್ಲ ಆ ಪೈಪಿನಲ್ಲಿ ಬರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ, ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದು, ಇವು ಅದರ ಗುರುತು. ಆ ನೀರನ್ನು ನೆಲ ಒರೆಸಲು ಬಳಸಿ. ಮಳೆನೀರೋ ಕಾವೇರಿ ನೀರೋ ಸಿಕ್ಕಾಗ, ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಎರಡು ಮೂರು ಸಲ ಹಾಕಿ ಮಣ್ಣು ತೊಳೆಯಿರಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇರುವುದಿಲ್ಲ, ಅದನ್ನು ಹಾಕಬಹುದು.

ಮಲ್ಲಿಗೆಯಲ್ಲಿ ವಿಶೇಷವಾಗಿ ಇನ್ನೂ ಎರಡು ಅನುಮಾನ ಇಟ್ಟುಕೊಳ್ಳಬೇಕು. ಇಡೀ ಗಿಡ ಮಂಕಾಗಿ ಹಳದಿಯಾಗಿದೆ, ಅನ್ನಭೇದಿ ಹೊಡೆದರೂ ಜಗ್ಗುತ್ತಿಲ್ಲ ಅಂದರೆ ಗಿಡವನ್ನು ಮಣ್ಣಿನುಂಡೆ ಸಮೇತ ಹೊರಗೆಳೆದು ಬೇರು ತೊಳೆದು ನೋಡಿ. ಸಣ್ಣ ಬೇರುಗಳಲ್ಲಿ ಮಣಿಸರದಂತೆ ಗಂಟುಗಳಿದ್ದರೆ ಬೇರುಗಂಟು ಜಂತುಹುಳು. ಬೇರಿನ ಸಿಪ್ಪೆ ಬೆರಳಿಗೆ ಕೀಸಿಕೊಂಡು ಬಂದು ಒಳಗಿನ ನಾರು ಮಾತ್ರ ಉಳಿದರೆ ಬೇರು ಕೊಳೆ. ಗಂಟಿಗೆ ಬೇವಿನ ಹಿಂಡಿ, ಮತ್ತು ನೆಲದಲ್ಲಾದರೆ ಸುತ್ತಲೂ ಚೆಂಡುಹೂವಿನ ಗಿಡ. ಕೊಳೆತದ್ದಕ್ಕೆ ಕೆಟ್ಟ ಬೇರು ಕತ್ತರಿಸಿ, ಹೊಸ ಮಣ್ಣಿನಲ್ಲಿಟ್ಟು, ಬುಡಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ). ಅಡಿಕೆ ತೋಟದವರ ಪರಿಚಯ ಇದ್ದರೆ ಒಂದು ಬಾಟಲಿ ಕೇಳಿ ತಂದರಾಯಿತು, ಆದರೆ ಅದನ್ನು ಅಂದಂದೇ ಬಳಸಬೇಕು.

ಸೊರಗಿ ನಿಂತಿದೆ

ಮಧ್ಯಾಹ್ನ ದಾಸವಾಳದ ಎಲೆ ಜೋತುಬಿದ್ದು ಸಂಜೆಗೆ ಸರಿಯಾದರೆ ಅದು ಬಿಸಿಲಿಗೆ. ಸಂಜೆಯೂ ಏಳದಿದ್ದರೆ ಮಣ್ಣಿಗೆ ಬೆರಳು ಹಾಕಿ. ಒಣಗಿದ್ದರೆ ನೀರು ಸಾಲದು, ಬೇಸಿಗೆಯ ತಾರಸಿಯಲ್ಲಿ ಅದಕ್ಕೆ ದಿನಕ್ಕೆ ಎರಡು ಸಲವೂ ಬೇಕಾಗಬಹುದು. ಒದ್ದೆಯಿದ್ದೂ ಸೊರಗಿದ್ದರೆ ಬೇರು ಉಸಿರುಗಟ್ಟಿದೆ, ಇನ್ನಷ್ಟು ನೀರು ಹಾಕುವುದೆಂದರೆ ಅದನ್ನು ಮುಗಿಸಿದಂತೆ. ಮಲ್ಲಿಗೆಗೆ ತಳದವರೆಗೆ ಇಳಿಯುವಂತೆ ಒಮ್ಮೆ ಹಾಕಿ, ಮೇಲಿನ ಒಂದು ಅಂಗುಲ ಒಣಗುವವರೆಗೆ ಮತ್ತೆ ಮುಟ್ಟಬೇಡಿ. ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಮಲ್ಲಿಗೆಯ ಬುಡಕ್ಕೆ ಮಣ್ಣೇರಿಸಿ ನೀರು ನಿಲ್ಲದಂತೆ ನೋಡಿಕೊಳ್ಳಲೇಬೇಕು.

ಹೊಸ ಗಿಡ ತಂದ ತಿಂಗಳಲ್ಲೇ ಸೊರಗಿದರೆ ಬೇರಿನ ಉಂಡೆ ಪರೀಕ್ಷಿಸಿ. ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಗೋದಾವರಿ ಕಡೆಯ ಕಡಿಯಂನವು, ಅಂಟು ಜೇಡಿಮಣ್ಣಿನ ಉಂಡೆಯಲ್ಲಿ ಕೂತಿರುತ್ತವೆ. ಅದನ್ನು ಹಾಗೇ ನಮ್ಮ ಕೆಂಪುಮಣ್ಣಿನ ಮಧ್ಯೆ ಇಟ್ಟರೆ ಸುತ್ತಲಿನ ಮಣ್ಣು ಒದ್ದೆ, ಉಂಡೆ ಕಲ್ಲು. ಇಲ್ಲವೇ ಉಂಡೆ ಕೆಸರು, ಸುತ್ತ ಒಣ. ನೆಡುವ ಮುಂಚೆ ಬಕೆಟ್ ನೀರಿನಲ್ಲಿ ನೆನೆಸಿ, ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಕಳಚಿ. ದಾಸವಾಳದ ಬೇರು ಇದನ್ನು ಅಷ್ಟಾಗಿ ಸಹಿಸದು, ಅದರದ್ದು ಮೂರನೇ ಒಂದು ಭಾಗ ಕಳಚಿದರೆ ಸಾಕು.

ಬಿಳಿ ಹಿಟ್ಟು

ಇದು ಹೆಚ್ಚಾಗಿ ದಾಸವಾಳದ ಗೋಳು. ಕುಡಿ ಮುದುರಿ ಗಂಟಾಗಿದೆ, ಒಳಗೆ ಹತ್ತಿಯಂಥ ಬಿಳುಪು, ಇರುವೆ ಸಾಲು: ಹಿಟ್ಟು ತಿಗಣೆ. ಇರುವೆಗಳು ಅದರ ಸಿಹಿ ಸ್ರಾವಕ್ಕಾಗಿ ಅದನ್ನು ಕಾಯುತ್ತವೆ, ಆದ್ದರಿಂದ ಮೊದಲು ಇರುವೆಯ ದಾರಿ ಮುಚ್ಚಿ. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆಯ ಮೇಲೆ ನಿಲ್ಲಿಸಿ, ಕೊಂಬೆಗಳು ಗೋಡೆಗೆ ತಾಗದಂತೆ ಸರಿಸಿ. ಮುದುರಿದ ಕುಡಿ ಕತ್ತರಿಸಿ ಚೀಲಕ್ಕೆ ಹಾಕಿ, ಉಳಿದದ್ದನ್ನು ರಭಸದ ನೀರಿನಿಂದ ತೊಳೆದು ಬೇವಿನೆಣ್ಣೆ ಹೊಡೆಯಿರಿ.

ಹೊಡೆಯುವ ಮುಂಚೆ ಒಂದು ಕ್ಷಣ ತಡೆದು ನೋಡಿ. ತಿಗಣೆಗಳ ನಡುವೆ ಅವಕ್ಕಿಂತ ದೊಡ್ಡದಾದ, ಮೈತುಂಬ ಉದ್ದ ಬಿಳಿ ಮೇಣದ ಎಳೆಗಳಿರುವ ಹುಳು ಚುರುಕಾಗಿ ಓಡಾಡುತ್ತಿದ್ದರೆ ಅದನ್ನು ಕೊಲ್ಲಬೇಡಿ. ತಿಗಣೆ ತಿನ್ನುವ ಗುಲಗಂಜಿ ದುಂಬಿಯ ಮರಿ ಅದು. 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತದ ಕಾಫಿ ತೋಟಗಳಿಗೆಂದು ತಂದ ದುಂಬಿ ಈಗ ಇಲ್ಲಿಯದೇ ಆಗಿದೆ. ತಿಗಣೆ ನಿಂತಲ್ಲೇ ನಿಲ್ಲುತ್ತದೆ, ಇದು ಓಡುತ್ತದೆ, ಗುರುತು ಅಷ್ಟೇ. ಅದು ಕಂಡರೆ ಎರಡು ವಾರ ಏನೂ ಹೊಡೆಯದೆ ಇರುವೆಯನ್ನಷ್ಟೇ ತಡೆದು ನೋಡಿ.

ಮಲ್ಲಿಗೆಯಲ್ಲಿ ಬೇಸಿಗೆಗೆ ಬರುವುದು ಕೆಂಪು ಜೇಡ ನುಸಿ. ಎಲೆಯ ಮೇಲೆ ಧೂಳು ಹಿಡಿದಂತೆ ಮಾಸಲು ಚುಕ್ಕೆ, ಅಡಿಯಲ್ಲಿ ನವಿರು ಬಲೆ. ಬಿಳಿ ಕಾಗದದ ಮೇಲೆ ಎಲೆ ಕುಟ್ಟಿದರೆ ಕೆಂಪು ಚುಕ್ಕೆಗಳು ನಡೆದಾಡುತ್ತವೆ. ಎಲೆಯ ಅಡಿಭಾಗಕ್ಕೆ ದಿನ ಬಿಟ್ಟು ದಿನ ಪೈಪಿನಿಂದ ನೀರು ಹಾಯಿಸಿದರೆ ಹತೋಟಿಗೆ ಬರುತ್ತದೆ.

ಕೊನೆಗೊಂದು ಮಾತು: ಯಾವ ಗಿಡವೇ ಆಗಲಿ, ಬೇರು ಮುಕ್ಕಾಲು ಕೊಳೆತು ಹೋಗಿದ್ದರೆ ಉಳಿಸುವ ಹಟ ಬೇಡ. ಮೇಲೆ ಇನ್ನೂ ಹಸಿರಿರುವ, ಪೆನ್ಸಿಲ್ ದಪ್ಪದ ನಾಲ್ಕೈದು ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ಎರಡು ಗೆಣ್ಣು ಮುಳುಗುವಂತೆ ಊರಿ ನೆರಳಿನಲ್ಲಿಡಿ. ಮಳೆಗಾಲದಲ್ಲಿ ಎರಡೂ ಗಿಡ ಸುಲಭವಾಗಿ ಬೇರು ಬಿಡುತ್ತವೆ. ಹಳೇ ಕುಂಡದ ಮಣ್ಣನ್ನು ಇದಕ್ಕೆ ಬಳಸಬೇಡಿ, ಕುಂಡವನ್ನೂ ಸೋಪು ಹಾಕಿ ಉಜ್ಜಿ ಬಿಸಿಲಿಗೆ ಒಣಗಿಸಿಯೇ ಮತ್ತೆ ತುಂಬಿ.